ಕುಲಪತಿಯಾಗಲು ಮೊದಲು ಕುಲಸಚಿವರಾಗಿರಲೇಬೇಕೇ?

ಮಂಡ್ಯದಲ್ಲಿ ಪಾಠ ಮಾಡುವ ನಿಮ್ಮ ತಂಗಿ ಕುಲಸಚಿವೆ (ರಿಜಿಸ್ಟ್ರಾರ್) ಆಗದೆಯೇ ವಿಶ್ವವಿದ್ಯಾಲಯದ ಕುಲಪತಿ (ವೈಸ್ ಚಾನ್ಸಲರ್) ಆಗಬಹುದೇ ಎಂದು ಕೇಳಿದ್ದೀರಿ ಮೇಡಂ. ಖಂಡಿತ ಆಗಬಹುದು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮ ಮುಖ್ಯವಾಗಿ ಕೇಳುವುದು ಪ್ರಾಧ್ಯಾಪಕರಾಗಿ ಕನಿಷ್ಠ 10 ವರ್ಷದ ಅನುಭವ ಮತ್ತು ಶೈಕ್ಷಣಿಕ ನಾಯಕತ್ವಕ್ಕೆ ಪುರಾವೆ.

ನಮ್ಮ ಮೈಸೂರಲ್ಲೇ ನೋಡಿ. ಕುವೆಂಪು ಓದಿದ್ದೂ ಇಲ್ಲೇ, 1929ರಲ್ಲಿ ಅಧ್ಯಾಪಕರಾಗಿ ಸೇರಿದ್ದೂ ಮಹಾರಾಜ ಕಾಲೇಜಿಗೇ. ಮುಂದೆ ಅಲ್ಲೇ ಪ್ರಾಂಶುಪಾಲರಾಗಿ, 1956ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾದರು. 1960ರಲ್ಲಿ ನಿವೃತ್ತರಾಗುವ ಹೊತ್ತಿಗೆ ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಕನಸು, ಹೆಸರು ಎರಡನ್ನೂ ಕೊಟ್ಟಿದ್ದರು. ಅದರ ಪಕ್ಕದ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುವಾಗಲೆಲ್ಲ ನನಗೆ ಆ ನಾಲ್ಕು ವರ್ಷಗಳೇ ನೆನಪಾಗುತ್ತವೆ.

ಸದ್ಯಕ್ಕೆ ತಂಗಿಗೆ ಇಷ್ಟು ಹೇಳಿ: ಸಂಶೋಧನೆ ಬಿಡಬೇಡ, ವಿಭಾಗದ ಮುಖ್ಯಸ್ಥೆಯ ಹೊಣೆ ಬಂದರೆ ಹಿಂಜರಿಯಬೇಡ.