ನನ್ನ ಇಂಗ್ಲಿಷಿನಲ್ಲಿರುವ ಕನ್ನಡದ ಧಾಟಿಯನ್ನು ಬದಲಾಯಿಸಿಕೊಳ್ಳಬಹುದಾ?

ಆಫೀಸಿನ ಕಾಲ್‌ಗಳಲ್ಲಿ ನೀವು ಬಾಯಿ ತೆರೆದರೆ ಇಂಗ್ಲಿಷಿನೊಳಗಿಂದ ಕನ್ನಡ ಇಣುಕುತ್ತೆ, ಟೀಮಿನವರು ಮುಸಿಮುಸಿ ನಗ್ತಾರೆ, ಆಕ್ಸೆಂಟ್ ಬದಲಾಯಿಸೋಕೆ ಎಷ್ಟು ದಿನ ಬೇಕು, ಕೋರ್ಸಿಗೆ ದುಡ್ಡು ಕಟ್ಟಬೇಕಾ ಅಂತ ಕೇಳಿದ್ದೀರಿ. ಬದಲಾಯಿಸಬಹುದು. ಆದರೆ ಪೂರ್ತಿ ಬದಲಾಯಿಸುವ ಗೋಜಿಗೆ ಹೋಗಬೇಡಿ. ಎದುರಿನವರಿಗೆ ಅರ್ಥವಾಗದಂತೆ ಅಡ್ಡ ಬರುವ ಮೂರು ನಾಲ್ಕು ವಿಷಯ ಸರಿಮಾಡಿಕೊಂಡರೆ ಸಾಕು, ಉಳಿದದ್ದು ಇದ್ದರೆ ಇರಲಿ.

ನಾನು ಅರಸೀಕೆರೆ ಕಡೆಯವನು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. 2005ರಲ್ಲಿ ಬೆಂಗಳೂರಿನ ಒಂದು ಕಾಲ್ ಸೆಂಟರಿಗೆ ಸೇರಿದೆ. ರಾತ್ರಿ ಪಾಳಿ, ಅಮೆರಿಕದ ಗ್ರಾಹಕರು, ಕೆಟ್ಟುಹೋದ ಪ್ರಿಂಟರ್‌ಗಳ ದೂರು. ಸೇರಿದವರಿಗೆಲ್ಲ ಮೊದಲು ‘ವಾಯ್ಸ್ ಅಂಡ್ ಆಕ್ಸೆಂಟ್’ ತರಬೇತಿ. ಅಲ್ಲಿ ನಮ್ಮ ಕಾಯಿಲೆಗೆ ಒಂದು ಹೆಸರೂ ಇತ್ತು: ಎಂಟಿಐ, ಮದರ್ ಟಂಗ್ ಇನ್‌ಫ್ಲುಯೆನ್ಸ್. ತಾಯ್ನುಡಿಯನ್ನು ಜ್ವರ ನೋಡಿದ ಹಾಗೆ ನೋಡಿ ರಿಪೋರ್ಟಿನಲ್ಲಿ ‘ಹೈ’, ‘ಮೀಡಿಯಂ’, ‘ಲೋ’ ಅಂತ ಬರೆಯುತ್ತಿದ್ದರು. ನನ್ನದು ಹೈ.

ಕೆಲಸಕ್ಕೆ ಕೂತ ಮೊದಲ ತಿಂಗಳಲ್ಲೇ ಒಂದು ಎಡವಟ್ಟಾಯಿತು. ಗ್ರಾಹಕರೊಬ್ಬರಿಗೆ ಕೇಸ್ ನಂಬರ್ ಓದಿ ಹೇಳಿದೆ, ‘ಪಿ’ಯಿಂದ ಶುರುವಾಗೋದು. ಎರಡು ದಿನ ಬಿಟ್ಟು ಅವರು ಮತ್ತೆ ಫೋನ್ ಮಾಡಿದಾಗ ಅವರ ಹತ್ತಿರ ಇದ್ದ ನಂಬರಿನ ಕೇಸೇ ಸಿಸ್ಟಮ್ಮಿನಲ್ಲಿ ಇಲ್ಲ. ಅವರು ಬರೆದುಕೊಂಡಿದ್ದು ‘ಬಿ’. ಸೂಪರ್‌ವೈಸರ್ ರೆಕಾರ್ಡಿಂಗ್ ಹಾಕಿ ಕೇಳಿಸಿದರು. ನನ್ನ ಕಿವಿಗೆ ಅದು ಅಪ್ಪಟ ಪಿ. ಮೂರು ಸಲ ಕೇಳಿದೆ, ಮೂರು ಸಲವೂ ಪಿ.

ತರಬೇತಿಯ ಮೇಡಂ ಕೊಡಗಿನವರು. ಟಿಶ್ಯೂ ಪೇಪರಿನ ಒಂದು ಪಟ್ಟಿ ಹರಿದು ತಮ್ಮ ತುಟಿಯ ಮುಂದೆ ಇಳಿಬಿಟ್ಟು ‘ಪೇಪರ್’ ಅಂದರು. ಪಟ್ಟಿ ಫಟ್ಟನೆ ಹಾರಿತು. ನಾನು ಅಂದೆ, ಪಟ್ಟಿ ಅಲುಗಲಿಲ್ಲ. ಆಮೇಲೆ ಅವರು ಕೇಳಿದ್ದು, “ಪ ಫ ಬ ಭ ಮ ಕಲಿತಿಲ್ಲವೇನೋ ನೀನು?”

ಅಷ್ಟೇ ಗುಟ್ಟು. ಇಂಗ್ಲಿಷಿನವರು ಪದದ ಶುರುವಿನ ಪ, ಟ, ಕಗಳನ್ನು ಉಸಿರು ಬೆರೆಸಿ ಹೇಳುತ್ತಾರೆ, ಹೆಚ್ಚುಕಡಿಮೆ ನಮ್ಮ ಮಹಾಪ್ರಾಣದ ಹಾಗೆ. ಆ ಉಸಿರು ಇಲ್ಲದಿದ್ದರೆ ಅವರ ಕಿವಿ ಅದನ್ನು ಬ, ಡ, ಗ ಅಂತ ಎಣಿಸಿಬಿಡುತ್ತೆ. ಹಾಗಾಗಿ ಪಿನ್ ಅನ್ನುವಾಗ ವರ್ಣಮಾಲೆಯ ಫಕಾರ ನೆನಪಿಸಿಕೊಳ್ಳಿ. ಫ್ಯಾನ್, ಫೋನ್‌ನ ಫ ಅಲ್ಲ. ಅಲ್ಲಿ ಹಲ್ಲು ತುಟಿಗೆ ತಾಗುತ್ತೆ. ಇಲ್ಲಿ ಎರಡೂ ತುಟಿ ಮುಚ್ಚಿ, ಉಸಿರಿನ ಜೊತೆ ಬಿಡಬೇಕು. ಸ್ಪೂನ್, ಸ್ಟಾರ್, ಸ್ಕೂಲ್‌ನಂತೆ ಹಿಂದೆ ಸ ಇದ್ದರೆ ಉಸಿರು ಬೇಡ, ನಮ್ಮ ಪ, ಟ, ಕಗಳೇ ನಡೆಯುತ್ತವೆ. ನನಗೆ ಇದು ಹದಿನೈದು ದಿನಕ್ಕೆ ಬಂತು. ಎಷ್ಟು ಬಂತೆಂದರೆ ಪಾಳಿ ಮುಗಿಸಿ ಬೆಳಿಗ್ಗೆ ದರ್ಶಿನಿಯಲ್ಲಿ “ಎರಡು ಖಾಫಿ” ಅಂದುಬಿಟ್ಟೆ. ಕ್ಯಾಷಿಯರ್ ಚೀಟಿ ಹರಿಯುತ್ತಾ “ನೆಗಡಿನಾ ಸಾರ್?” ಅಂದ.

ಆದರೆ ಮೇಡಂಗೆ ನಾನು ಹೇಳದ ಒಂದು ವಿಷಯ ಇತ್ತು. ನಮ್ಮೂರಿನಲ್ಲಿ ಮಹಾಪ್ರಾಣ ಯಾರ ಬಾಯಲ್ಲೂ ಇಲ್ಲ. ಭೂಮಿ ಅಲ್ಲಿ ಬೂಮಿ, ಫಲ ಅಲ್ಲಿ ಪಲ. ಹಕಾರವೂ ಇಲ್ಲ: ಹಳ್ಳಿ ‘ಅಳ್ಳಿ’, ಹಾಲು ‘ಆಲು’. ಇದನ್ನೆಲ್ಲ ತಿದ್ದಿದ್ದು ಪ್ರೈಮರಿ ಸ್ಕೂಲಿನ ಮೇಷ್ಟ್ರು, ಕೈಯಲ್ಲಿ ಅಡಿಪಟ್ಟಿ ಹಿಡಿದು. ಅಂದರೆ ನಾನು ಆಕ್ಸೆಂಟ್ ಬದಲಾಯಿಸಿಕೊಂಡಿದ್ದು ಬೆಂಗಳೂರಿನಲ್ಲಿ ಅಲ್ಲ, ಏಳನೇ ವಯಸ್ಸಿನಲ್ಲಿ, ಕನ್ನಡದಲ್ಲೇ. ಸ್ಕೂಲಿನಲ್ಲಿ ಹಾಲು, ಮನೆಗೆ ಬಂದರೆ ಆಲು. ನೀವು ಧಾರವಾಡದವರೋ ಕುಂದಾಪುರದವರೋ ಗೊತ್ತಿಲ್ಲ, ಆದರೆ ಬೆಂಗಳೂರಿಗೆ ಬಂದು ಆಟೋದವರ ಹತ್ತಿರ ಮಾತಾಡುವಾಗ ನಿಮ್ಮ ಊರಿನ ಕನ್ನಡವನ್ನು ಸ್ವಲ್ಪ ಸವರಿಯೇ ಮಾತಾಡಿರುತ್ತೀರಿ. ಇಂಗ್ಲಿಷಿನಲ್ಲಿ ಮಾಡಬೇಕಿರುವುದೂ ಅದನ್ನೇ. ಅಂದಹಾಗೆ, ಲಂಡನ್ನಿನ ಕಾಕ್ನಿ ಜನರೂ ನಮ್ಮೂರಿನವರ ಹಾಗೆ ಹಕಾರ ನುಂಗುತ್ತಾರೆ, ಹೌಸ್‌ಗೆ ‘ಔಸ್’ ಅನ್ನುತ್ತಾರೆ. ಇದು ತಿಳಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಪಕಾರಕ್ಕಿಂತ ದೊಡ್ಡ ತೊಡಕು ಒತ್ತು. ನಾವು ಬರೆದ ಹಾಗೆ ಓದುವ ಜನ, ಎಲ್ಲ ಅಕ್ಷರಕ್ಕೂ ಸಮಾನ ಮರ್ಯಾದೆ ಕೊಡುತ್ತೇವೆ. ಇಂಗ್ಲಿಷಿನಲ್ಲಿ ಹಾಗಿಲ್ಲ, ಒಂದು ಅಕ್ಷರವನ್ನು ಎತ್ತಿ ಹಿಡಿದು ಅಕ್ಕಪಕ್ಕದವನ್ನು ನುಂಗಿಹಾಕುತ್ತಾರೆ. ನಾವು ‘ಡೆವಲಪ್’ ಅಂತ ಮೊದಲಿಗೇ ಒತ್ತು ಹಾಕುತ್ತೇವೆ. ಅವರದು ‘ಡಿವೆಲಪ್’, ಒತ್ತೆಲ್ಲ ನಡುವಿನ ‘ವೆ’ ಮೇಲೆ. ನಾವು ಫೋಟೋ ಗೊತ್ತಿದೆಯಲ್ಲ ಅಂತ ‘ಫೋಟೋಗ್ರಾಫರ್’ ಅನ್ನುತ್ತೇವೆ, ಅವರು ‘ಫಟಾಗ್ರಫರ್’ ಅನ್ನುತ್ತಾರೆ. ವೆಜಿಟೇಬಲ್ ಅವರ ಬಾಯಲ್ಲಿ ‘ವೆಜ್‌ಟಬಲ್’. ಒತ್ತು ತಪ್ಪಿದರೆ ಪ್ರತಿ ಅಕ್ಷರ ಸ್ಪಷ್ಟವಾಗಿದ್ದರೂ ಪದವೇ ಅವರಿಗೆ ಸಿಗುವುದಿಲ್ಲ. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಿಂದ (ಈಗಿನ ಇಫ್ಲು, ಅಂದರೆ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ) 1969ರಲ್ಲಿ ಬಂದ ಆರ್. ಕೆ. ಬನ್ಸಲ್ ಅವರ ಅಧ್ಯಯನವೂ ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಅರ್ಥವಾಗದಿರಲು ಪದದ ಒತ್ತು ತಪ್ಪುವುದನ್ನು ಮುಖ್ಯ ಕಾರಣವಾಗಿ ಗುರುತಿಸಿತ್ತು. ಒತ್ತು ನನಗೆ ಒಂದು ವರ್ಷ ತಿಂದಿತು. ಹೊಸ ಪದ ಸಿಕ್ಕಾಗ ಅರ್ಥದ ಜೊತೆ ಒತ್ತು ಎಲ್ಲಿ ಅಂತಲೂ ಡಿಕ್ಷನರಿಯಲ್ಲಿ ನೋಡುವ ಅಭ್ಯಾಸ ಈಗಲೂ ಇದೆ.

ಮೂರನೆಯದು ನಮ್ಮ ಬಾಲದ ಉಕಾರ. ಬಸ್ಸು, ಕಾರು, ಬ್ಯಾಂಕು ಅಂದು ಅಭ್ಯಾಸವಾದ ಬಾಯಿ. “ಐ ವಿಲ್ಲು ಚೆಕ್ಕು ಅಂಡು ಕಾಲ್ ಬ್ಯಾಕು” ಅಂತ ನನ್ನದೇ ದನಿಯಲ್ಲಿ ಕೇಳಿಸಿಕೊಂಡಾಗ ಟೇಬಲ್ಲಿನ ಕೆಳಗೆ ಹೋಗಿ ಕೂರೋಣ ಅನ್ನಿಸಿತ್ತು. ಇದಕ್ಕೆ ಮದ್ದು ಸುಲಭ, ಕೊನೆಯ ವ್ಯಂಜನಕ್ಕೆ ಬಾಯಿ ಮುಚ್ಚಿ ನಿಲ್ಲಿಸುವುದು. ಪದದ ಮೊದಲಿನ ಯಕಾರ, ವಕಾರವೂ ಹೀಗೆಯೇ. ಎಲ್ಲಿ ಅನ್ನುವುದನ್ನು ‘ಯೆಲ್ಲಿ’ ಅನ್ನುವ ನಾವು ಎಗ್‌ಗೆ ‘ಯೆಗ್’, ಓಪನ್‌ಗೆ ‘ವೋಪನ್’ ಅನ್ನುತ್ತೇವೆ. ಎಂ.ಎ. ಓದಿದ ನಮ್ಮ ಸೋದರಮಾವ ಜೀವನಪೂರ್ತಿ ‘ಯೆಮ್ಮೆ’ ಮಾಡಿದೀನಿ ಅಂತಲೇ ಹೇಳಿಕೊಂಡರು.

ವಿ ಮತ್ತು ಡಬ್ಲ್ಯು ಮಾತ್ರ ಕಷ್ಟ. ಬನಿಯನ್ನೂ ಪಶ್ಚಿಮ ದಿಕ್ಕೂ ನಮ್ಮ ಲಿಪಿಯಲ್ಲಿ ಒಂದೇ ‘ವೆಸ್ಟ್’. ವಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಿಸಿ, ಡಬ್ಲ್ಯುಗೆ ಶಿಳ್ಳೆ ಹೊಡೆಯುವ ಹಾಗೆ ತುಟಿ ದುಂಡಗೆ ಮಾಡಿ. ಸುಸ್ತಾದಾಗ, ಸಿಟ್ಟು ಬಂದಾಗ ನನಗೆ ಇವತ್ತಿಗೂ ಎರಡೂ ಒಂದಾಗುತ್ತವೆ.

ಟಕಾರಕ್ಕೆ ಆಗಲೇ ಹೇಳಿದ ಉಸಿರು ಬೆರೆಸುವುದೊಂದು ಬಿಟ್ಟರೆ, ನಮ್ಮ ಟ, ಡ, ರಗಳನ್ನು, ಥ್ಯಾಂಕ್ಸಿನ ಥವನ್ನು ಮುಟ್ಟಲೇಬೇಡಿ, ಎಲ್ಲರಿಗೂ ಅರ್ಥವಾಗುತ್ತೆ. ಅಮೆರಿಕದವರಂತೆ ನಾಲಿಗೆ ಮಡಚಿ ವಾಟರ್‌ಗೆ ‘ವಾಡರ್’ ಅನ್ನುತ್ತಿದ್ದ ಸಹೋದ್ಯೋಗಿ ಒಬ್ಬನಿದ್ದ. ಎರಡು ವಾಕ್ಯ ಅಮೆರಿಕ, ಮೂರನೆಯದಕ್ಕೆ ತುಮಕೂರು. ಗ್ರಾಹಕರಿಗೆ ಅವನ ಮಾತು ನನ್ನದಕ್ಕಿಂತ ಕಡಿಮೆ ತಿಳಿಯುತ್ತಿತ್ತು. ಧಾಟಿ ಬೇರೆ, ಅರ್ಥವಾಗುವುದು ಬೇರೆ. ಕೆನಡಾದ ಮನ್ರೋ ಮತ್ತು ಡರ್ವಿಂಗ್ ಎಂಬ ಇಬ್ಬರು ಭಾಷಾತಜ್ಞರು 1995ರಲ್ಲಿ ಇದನ್ನು ಪರೀಕ್ಷಿಸಿಯೇ ತೋರಿಸಿದರು: ಕೇಳುಗರು ‘ಧಾಟಿ ಬಹಳ ಗಾಢ’ ಅಂದ ಎಷ್ಟೋ ಮಾತುಗಳನ್ನು ಅದೇ ಕೇಳುಗರು ಒಂದು ಪದವೂ ತಪ್ಪದೆ ಬರೆದುಕೊಟ್ಟಿದ್ದರು.

ನಗುವ ಟೀಮಿನವರ ಇಂಗ್ಲಿಷನ್ನೂ ಒಮ್ಮೆ ಕಿವಿಗೊಟ್ಟು ಕೇಳಿ. ಸ್ಟೇಷನ್‌ಗೆ ‘ಇಸ್ಟೇಶನ್’ ಅನ್ನುವವರು ಒಬ್ಬರಾದರೂ ಸಿಗುತ್ತಾರೆ. ನಗಬೇಡಿ, ಸುಮ್ಮನೆ ತಿಳಿದಿರಲಿ.

ಇನ್ನು ದುಡ್ಡಿನ ವಿಷಯ. ಮೊದಲು ದುಡ್ಡಿಲ್ಲದ್ದು ಮಾಡಿ: ನಿಮಗೆ ಚೆನ್ನಾಗಿ ಅರ್ಥವಾಗುವ ಯಾರದ್ದಾದರೂ ಒಂದು ನಿಮಿಷದ ಇಂಗ್ಲಿಷ್ ಮಾತು ಹಾಕಿಕೊಂಡು, ಅವರ ಬೆನ್ನಿಗೇ ನೀವೂ ಹೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಎರಡನ್ನೂ ಕೇಳಿ. ದಿನಕ್ಕೆ ಕಾಲು ಗಂಟೆ, ಮೂರು ತಿಂಗಳು. ಮೊದಲ ವಾರ ನಿಮ್ಮ ದನಿ ನಿಮಗೇ ಸಹಿಸುವುದಿಲ್ಲ, ಅದು ಎಲ್ಲರಿಗೂ ಇದ್ದದ್ದೇ. ಆಮೇಲೂ ಕೋರ್ಸ್ ಬೇಕು ಅನ್ನಿಸಿದರೆ, ಫೀಸು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ನನ್ನೊಬ್ಬನ ರೆಕಾರ್ಡಿಂಗ್ ಕೂತು ಕೇಳುವವರು ಯಾರು? ನಲವತ್ತು ಜನರಿಗೆ ಒಟ್ಟಿಗೆ ‘ಆಪಲ್, ಆಪಲ್’ ಹೇಳಿಸುವ ಜಾಗವಾದರೆ ವಾಪಸ್ ಬನ್ನಿ.