ಮುದಿ ನಾಯಿಯ ಮೆದುಳಿನ ಉರಿಯೂತ ಸ್ಕ್ಯಾನ್‌ನಲ್ಲಿ ಕಾಣುತ್ತದೆಯೇ?

ಪ್ರಶ್ನೆ: ಡಾಕ್ಟರೇ, ನಮ್ಮ ಕರಿಯನಿಗೆ 14 ವರ್ಷ. ಎರಡು ತಿಂಗಳಿಂದ ರಾತ್ರಿಯಿಡೀ ಅಂಗಳ ಸುತ್ತುತ್ತಾನೆ. ಕೊಟ್ಟಿಗೆಯ ಮೂಲೆಗೆ ಹೋಗಿ ನಿಂತರೆ ಹಿಂದೆ ಬರಲು ತಿಳಿಯುವುದಿಲ್ಲ. ಮುದಿ ಇಲಿಗಳ ಮೆದುಳಿನ ಉರಿಯೂತವನ್ನು ಪೆಟ್ ಸ್ಕ್ಯಾನ್‌ನಲ್ಲಿ ನೋಡುತ್ತಾರೆಂದು ಅಣ್ಣನ ಮಗ ಹೇಳಿದ. ಕರಿಯನಿಗೂ ಮಾಡಿಸಬಹುದೇ?
– ಓದುಗರು, ಬದಿಯಡ್ಕ

ಉತ್ತರ: ಹುಡುಗ ಹೇಳಿದ್ದು ನಿಜ. ಆದರೂ ಮಾಡಿಸಬೇಡಿ ಎನ್ನುತ್ತೇನೆ.

ಆ ಸ್ಕ್ಯಾನ್ ಉರಿಯೂತವನ್ನು ನೇರವಾಗಿ ತೋರಿಸುವುದಿಲ್ಲ. ಮೆದುಳನ್ನು ಕಾಯುವ ಮೈಕ್ರೋಗ್ಲಿಯಾ ಎಂಬ ಕೋಶಗಳಿವೆ. ಮುಪ್ಪಿನಲ್ಲಿ ಇವು ಬೇಗ ಕೆರಳುತ್ತವೆ. ಇಲಿಗಳಲ್ಲಿ ಹಾಗೆ ಕೆರಳಿದಾಗ ಟಿಎಸ್‌ಪಿಒ ಎಂಬ ಪ್ರೋಟೀನ್ ಹೆಚ್ಚುತ್ತದೆ. ಅದಕ್ಕೆ ಅಂಟಿಕೊಳ್ಳುವ ವಿಕಿರಣಶೀಲ ಔಷಧವನ್ನು ರಕ್ತನಾಳಕ್ಕೆ ಚುಚ್ಚಿ, ಎಲ್ಲೆಲ್ಲಿ ಅಂಟಿತೆಂದು ನೋಡುತ್ತಾರೆ. ಅದೇ ಪ್ರೋಟೀನ್ ರಕ್ತನಾಳದ ಗೋಡೆಯಲ್ಲೂ ಬೇರೆ ಕೋಶಗಳಲ್ಲೂ ಇರುವುದರಿಂದ, ಚಿತ್ರ ಹೊಳೆದಲ್ಲೆಲ್ಲ ಉರಿಯೂತ ಎನ್ನಲಾಗದು. ಇಂಥ ಔಷಧಗಳಲ್ಲಿ ಬಳಸುವ ಕಾರ್ಬನ್-11 ಎಂಬ ವಿಕಿರಣಶೀಲ ಇಂಗಾಲ ಪ್ರತಿ 20 ನಿಮಿಷಕ್ಕೆ ಅರ್ಧವಾಗುತ್ತದೆ. ಕಾಸರಗೋಡಿನಲ್ಲಿ ಬಸ್ ಹತ್ತಿ ಒಂದು ಗಂಟೆ ಕಳೆಯುವಷ್ಟರಲ್ಲಿ ಎಂಟರಲ್ಲೊಂದು ಪಾಲು ಉಳಿದಿರುತ್ತದೆ, ಅಷ್ಟೇ. ಹಾಗಾಗಿ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಪಕ್ಕದಲ್ಲೇ ಇರಬೇಕು.

ಹಾಗಾದರೆ ವಿಜ್ಞಾನಿಗಳಿಗೆ ಅದರಿಂದ ಏನು ಲಾಭ? ಇಲಿಯ ಆಯುಸ್ಸು ಎರಡು–ಮೂರು ವರ್ಷ. ಮೊದಲೆಲ್ಲ ಆರು ತಿಂಗಳಿನ ಕೆಲವು, ಎರಡು ವರ್ಷದ ಕೆಲವು ಇಲಿಗಳನ್ನು ಕೊಂದು ಮೆದುಳನ್ನು ಹೋಲಿಸಬೇಕಿತ್ತು. ಈಗ ಒಂದೇ ಇಲಿಗೆ ಅರಿವಳಿಕೆ ಕೊಟ್ಟು, ಪ್ರಾಯದಲ್ಲೊಮ್ಮೆ, ಮುಪ್ಪಿನಲ್ಲೊಮ್ಮೆ ನೋಡಬಹುದು. ಎಷ್ಟೋ ಜೀವ ಉಳಿಯುತ್ತದೆ. ನನಗೆ ಈ ವಿಧಾನದ ಮೇಲೆ ಗೌರವವಿರುವುದು ಮುಖ್ಯವಾಗಿ ಇದಕ್ಕೇ.

ಕರಿಯನ ಹಳೆಯ ಚಿತ್ರ ಯಾರ ಬಳಿಯೂ ಇಲ್ಲ. ಇವತ್ತಿನದನ್ನು ಯಾವುದಕ್ಕೆ ಹೋಲಿಸುವುದು? ಆದರೆ 14 ವರ್ಷ ಅವನು ಹೇಗಿದ್ದನೆಂಬುದು ನಿಮ್ಮ ಮನೆಯವರಿಗೆ ಗೊತ್ತು. ಅದನ್ನು ಬರೆದಿಡಿ: ಎಷ್ಟು ಗಂಟೆಗೆ ಎದ್ದ, ಎಲ್ಲಿ ಸಿಕ್ಕಿಕೊಂಡ, ಹೆಸರು ಕರೆದರೆ ತಿರುಗಿದನೇ. ನಮ್ಮ ಮನೆಯ ನಾಯಿ ಕೊನೆಯ ವರ್ಷದಲ್ಲಿ ಬಾಗಿಲು ತೆರೆಯುವ ಕಡೆ ಬಿಟ್ಟು ಬಿಜಾಗರಿಯ ಕಡೆ ಮೂಗಿಟ್ಟು ಕಾಯುತ್ತಿತ್ತು. ಕಣ್ಣು ಮಂಜಾಗಿದೆ ಎಂದುಕೊಂಡು ನಾನು, ಪಶುವೈದ್ಯನಾಗಿಯೂ, ಎರಡು ತಿಂಗಳು ಕಳೆದೆ. ಆ ನೋವು ಇನ್ನೂ ಇದೆ.

ಕರಿಯನದು ಮುಪ್ಪಿನ ಮರೆವೇ ಇರಬಹುದು. ಹಾಗೆಂದು ತೀರ್ಮಾನಿಸುವ ಮೊದಲು ಕಣ್ಣು, ಕಿವಿ, ಹಲ್ಲು, ಕೀಲು ನೋಡಿಸಿ. ಯಕೃತ್ತು, ಮೂತ್ರಪಿಂಡಗಳಿಗಾಗಿ ರಕ್ತಪರೀಕ್ಷೆ ಮಾಡಿಸಿ. ಸುಮ್ಮನೆ ನಿಲ್ಲದೆ ಗೋಡೆಗೆ ತಲೆ ಒತ್ತಿ ನಿಲ್ಲುತ್ತಿದ್ದರೆ ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಜಗಲಿಯಲ್ಲಿ ರಾತ್ರಿ ಸಣ್ಣ ದೀಪ ಉರಿಯಲಿ. ನೀರಿನ ಪಾತ್ರೆ, ಮಲಗುವ ಗೋಣಿ ಇದ್ದಲ್ಲೇ ಇರಲಿ. ಸಂಜೆ ತೋಟಕ್ಕೆ ಜೊತೆಯಲ್ಲಿ ಕರೆದುಕೊಂಡು ಹೋಗಿ. ಕೆರೆಯ ಬದಿಗೆ ಮಾತ್ರ ಒಂಟಿಯಾಗಿ ಬಿಡಬೇಡಿ. ಉರಿಯೂತ ಎಂಬ ಶಬ್ದ ಕೇಳಿ ಮನೆಯಲ್ಲಿರುವ ಐಬುಪ್ರೊಫೇನ್ ಕೊಡಬೇಡಿ, ನಾಯಿಗೆ ಅದು ವಿಷ: ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ವೈದ್ಯರಲ್ಲಿಗೆ ಹೋಗುವಾಗ ಬರೆದಿಟ್ಟ ಪುಸ್ತಕವನ್ನು ಮರೆಯದೆ ಒಯ್ಯಿರಿ.