ಡೆಬಿಟ್ ಯಾರಿಗೆ, ಕ್ರೆಡಿಟ್ ಯಾರಿಗೆ? ಮೊದಲ ಸೆಮಿಸ್ಟರಿನ ಲೆಕ್ಕಶಾಸ್ತ್ರ: ಓದುಗರ ಪ್ರಶ್ನೆಗಳು

ಪ್ರಶ್ನೆ: ಸರ್, ನಾನು ಪಿಯುಸಿಯಲ್ಲಿ ಕಲಾ ವಿಭಾಗ ಓದಿ ಈ ವರ್ಷ ಹಾವೇರಿಯಲ್ಲಿ ಬಿ.ಕಾಂ. ಸೇರಿದ್ದೇನೆ. ನಗದು ಬಂದರೆ ಡೆಬಿಟ್ ಎಂದು ತರಗತಿಯಲ್ಲಿ ಹೇಳುತ್ತಾರೆ. ವಿದ್ಯಾರ್ಥಿವೇತನ ಬಂದ ದಿನ ಬ್ಯಾಂಕಿನವರು ಕಳಿಸಿದ ಸಂದೇಶದಲ್ಲಿ ಕ್ರೆಡಿಟ್ ಎಂದಿತ್ತು. ನಮ್ಮ ಅಜ್ಜನ ಅಂಗಡಿಯ ಹಳೆಯ ಕಿರ್ದಿಯಲ್ಲಿಯೂ ಬಂದ ಹಣವನ್ನು ಜಮಾ ಎಂದೇ ಬರೆದಿದ್ದಾರೆ. ಯಾವುದು ಸರಿ? ಗೆಳತಿಯರು ನಿಯಮಗಳನ್ನು ಬಾಯಿಪಾಠ ಮಾಡು, ಉಳಿದದ್ದು ತಾನಾಗಿ ಬರುತ್ತದೆ ಎನ್ನುತ್ತಾರೆ.

ಉತ್ತರ: ನೀವು ಕಂಡ ಮೂರೂ ಸರಿ. ಮೊದಲ ತಿಂಗಳಲ್ಲಿ ಎಡವುವ ಬಹುಪಾಲು ವಿದ್ಯಾರ್ಥಿಗಳಿಗೆ ನಿಯಮ ಬಾಯಿಗೆ ಬರುತ್ತಿರುತ್ತದೆ. ಎದುರಿಗಿರುವ ಪುಸ್ತಕ ಯಾರದು ಎಂದು ಕೇಳಿಕೊಳ್ಳದೆ ಬರೆಯಲು ತೊಡಗುವುದೇ ಅವರ ತೊಡಕು.

ವಿದ್ಯಾರ್ಥಿವೇತನ ನಿಮ್ಮ ಖಾತೆಗೆ ಬಿದ್ದ ಕ್ಷಣದಲ್ಲಿ ಬ್ಯಾಂಕು ಅಷ್ಟು ಹಣಕ್ಕೆ ನಿಮಗೆ ಸಾಲಗಾರನಾಯಿತು. ಬ್ಯಾಂಕಿನ ಪುಸ್ತಕದಲ್ಲಿ ನೀವು ಹಣ ಕೊಟ್ಟವರು, ಕೊಟ್ಟವರ ಖಾತೆಗೆ ಕ್ರೆಡಿಟ್. ನಿಮಗೆ ಬಂದ ಸಂದೇಶ ಬ್ಯಾಂಕು ತನ್ನ ಪುಸ್ತಕ ನೋಡಿ ಓದಿ ಹೇಳಿದ ಒಂದು ಸಾಲು, ಅಷ್ಟೆ. ಅದೇ ದಿನ ನೀವು ನಿಮ್ಮದೇ ನೋಟುಪುಸ್ತಕದಲ್ಲಿ ಲೆಕ್ಕ ಬರೆದಿದ್ದರೆ, ಅಲ್ಲಿ ಬ್ಯಾಂಕು ನಿಮಗೆ ಬರಬೇಕಾದ ಹಣವನ್ನು ಇಟ್ಟುಕೊಂಡವರು. ಬ್ಯಾಂಕ್ ಖಾತೆಗೆ ಡೆಬಿಟ್, ವಿದ್ಯಾರ್ಥಿವೇತನದ ಆದಾಯಕ್ಕೆ ಕ್ರೆಡಿಟ್.

ಒಂದು ಅಂಗಡಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಏಪ್ರಿಲ್ 1ರಂದು ಒಬ್ಬರು ತಮ್ಮ ಉಳಿತಾಯದ 50,000 ರೂಪಾಯಿಯನ್ನು ಗಲ್ಲಾಪೆಟ್ಟಿಗೆಯಲ್ಲಿ ಹಾಕಿ ಬಳೆ ಅಂಗಡಿ ತೆರೆಯುತ್ತಾರೆ. ಲೆಕ್ಕಶಾಸ್ತ್ರಕ್ಕೆ ಅಂಗಡಿ ಬೇರೆ, ಅಂಗಡಿಯ ಯಜಮಾನರು ಬೇರೆ. ಅಂಗಡಿಯ ಪುಸ್ತಕದಲ್ಲಿ ನಗದು ಖಾತೆಗೆ 50,000 ಡೆಬಿಟ್, ಯಜಮಾನರ ಬಂಡವಾಳ ಖಾತೆಗೆ 50,000 ಕ್ರೆಡಿಟ್, ಏಕೆಂದರೆ ಆ ಹಣ ಅಂಗಡಿಯು ಅವರಿಗೆ ಎಂದಾದರೊಂದು ದಿನ ತೀರಿಸಬೇಕಾದದ್ದು. ಎರಡನೆಯ ದಿನ ಅದರಲ್ಲಿ 30,000 ರೂಪಾಯಿಯನ್ನು ಬ್ಯಾಂಕಿಗೆ ಕಟ್ಟಿದರೆ ಅಂಗಡಿಯ ಪುಸ್ತಕದಲ್ಲಿ ಬ್ಯಾಂಕಿಗೆ ಡೆಬಿಟ್, ನಗದಿಗೆ ಕ್ರೆಡಿಟ್. ಅದೇ ಹೊತ್ತಿನಲ್ಲಿ ಕೌಂಟರಿನ ಆಚೆ ಕುಳಿತವರು ಬ್ಯಾಂಕಿನ ಪುಸ್ತಕದಲ್ಲಿ ನಗದಿಗೆ ಡೆಬಿಟ್, ಅಂಗಡಿಯ ಖಾತೆಗೆ ಕ್ರೆಡಿಟ್ ಬರೆದಿರುತ್ತಾರೆ. ಘಟನೆ ಒಂದು, ಪುಸ್ತಕ ಎರಡು, ನಮೂದು ನಾಲ್ಕು. ಇದನ್ನು ಒಮ್ಮೆ ಕೈಯಾರೆ ಎರಡು ಹಾಳೆಗಳಲ್ಲಿ ಬರೆದು ಅಕ್ಕಪಕ್ಕ ಇಟ್ಟು ನೋಡಿದರೆ ಮುಂದೆ ಬರುವ ಬ್ಯಾಂಕ್ ಹೊಂದಾಣಿಕೆ ಪಟ್ಟಿಯ (ನಮ್ಮ ಪುಸ್ತಕವನ್ನು ಬ್ಯಾಂಕಿನ ಪುಸ್ತಕದೊಂದಿಗೆ ತಾಳೆ ನೋಡುವ ಪಟ್ಟಿ) ಅರ್ಧ ಪಾಠ ಅಲ್ಲಿಯೇ ಮುಗಿಯುತ್ತದೆ.

ಇನ್ನು ಅಜ್ಜನ ಕಿರ್ದಿ. ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಅದು ಒಳ್ಳೆಯ ಪಠ್ಯ. ಕಿರ್ದಿಯಲ್ಲಿ ಒಬ್ಬ ಗಿರಾಕಿಯ ಹೆಸರು ಬರೆದು 500 ಜಮಾ ಎಂದಿದ್ದರೆ ಆ ಜಮಾ ಸಂದದ್ದು ಹಣ ಕೊಟ್ಟ ಗಿರಾಕಿಯ ಹೆಸರಿಗೆ. ಪೆಟ್ಟಿಗೆಗೆ ಬಂದ ನಗದನ್ನು ಪ್ರತ್ಯೇಕವಾಗಿ ಬರೆಯುವ ಅಗತ್ಯ ಅವರಿಗೆ ಇರಲಿಲ್ಲ, ಏಕೆಂದರೆ ಆ ಪುಸ್ತಕವೇ ನಗದಿನ ಪುಸ್ತಕ; ದಿನದ ಕೊನೆಗೆ ಶಿಲ್ಕು (ಉಳಿದ ಮೊತ್ತ) ತೆಗೆದು ಪೆಟ್ಟಿಗೆಯ ಹಣದೊಂದಿಗೆ ತಾಳೆ ನೋಡಿದರೆ ಸಾಕಾಗುತ್ತಿತ್ತು. ನಿಮ್ಮ ಉಪನ್ಯಾಸಕರು ನಗದಿಗೆ ಡೆಬಿಟ್ ಎನ್ನುವಾಗ ಅಜ್ಜ ಬರೆಯದೆ ಬಿಟ್ಟ ಆ ಇನ್ನರ್ಧವನ್ನು ಬರೆಯಿಸುತ್ತಿದ್ದಾರೆ. ಕನ್ನಡ ಪಠ್ಯಗಳಲ್ಲಿ ಡೆಬಿಟ್‌ಗೆ ಖರ್ಚು, ಕ್ರೆಡಿಟ್‌ಗೆ ಜಮಾ ಎಂಬ ಪದಗಳನ್ನು ಬಳಸುವುದರಿಂದ ಗೊಂದಲ ಹೆಚ್ಚುತ್ತದೆ ಎಂಬುದನ್ನು ಒಪ್ಪುತ್ತೇನೆ. ಹಣ ಒಳಗೆ ಬಂದಾಗ ನಗದು ಖಾತೆಗೆ ಖರ್ಚು ಎಂದು ಓದಿದರೆ ಯಾರಿಗಾದರೂ ತಲೆ ತಿರುಗಬೇಕಾದದ್ದೇ. ಆದ್ದರಿಂದ ಈ ಎರಡು ಪದಗಳ ಮಟ್ಟಿಗೆ ಡೆಬಿಟ್, ಕ್ರೆಡಿಟ್ ಎಂದೇ ಇಟ್ಟುಕೊಳ್ಳಿ. ಸವಕಳಿ (ಬಳಕೆಯಿಂದ ವಸ್ತುವಿನ ಬೆಲೆ ಇಳಿಯುವುದು), ತಾಳೆಪಟ್ಟಿ (ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಶಿಲ್ಕುಗಳ ಪಟ್ಟಿ), ಅಢಾವೆ ಪತ್ರಿಕೆ (ಒಂದು ಬದಿಗೆ ಆಸ್ತಿ, ಇನ್ನೊಂದು ಬದಿಗೆ ಸಾಲ ಮತ್ತು ಬಂಡವಾಳ ತೋರಿಸುವ ಪಟ್ಟಿ), ಮುಂಗಡ, ಬಾಕಿ ಇವೆಲ್ಲ ಅರ್ಥವನ್ನು ಹೊತ್ತು ತರುವ ಒಳ್ಳೆಯ ಮಾತುಗಳು, ಇವನ್ನು ಬಿಡಬೇಡಿ.

ಡೆಬಿಟ್ ಎಂಬುದರ ಲ್ಯಾಟಿನ್ ಮೂಲಕ್ಕೆ ಕೊಡಬೇಕಾದದ್ದು, ಕ್ರೆಡಿಟ್ ಎಂಬುದರ ಮೂಲಕ್ಕೆ ನಂಬಿಕೆ ಎಂಬ ಅರ್ಥವಿದೆ. ಇಟಲಿಯ ವರ್ತಕರು ಆಗಲೇ ಬಳಸುತ್ತಿದ್ದ ಜೋಡಿ ನಮೂದು ಪದ್ಧತಿಯನ್ನು ಲೂಕಾ ಪಾಚೋಲಿ ಎಂಬ ಪಾದ್ರಿ ತನ್ನ ಗಣಿತ ಗ್ರಂಥದ ಒಂದು ಭಾಗದಲ್ಲಿ ವಿವರಿಸಿದ್ದು 1494ರಲ್ಲಿ, ಅದು ಅಚ್ಚಾದದ್ದು ವೆನಿಸ್ಸಿನಲ್ಲಿ. ಪಡೆದವನು ಕೊಡಬೇಕಾದವನು, ಕೊಟ್ಟವನು ನಂಬಿದವನು ಎಂಬ ಸರಳ ಸಂಬಂಧವೇ ಈ ಪದಗಳ ಬೇರು. ಡೆಬಿಟ್ ಕೆಟ್ಟದ್ದು, ಕ್ರೆಡಿಟ್ ಒಳ್ಳೆಯದು ಎಂಬ ಭಾವನೆ ನಮಗೆ ಬ್ಯಾಂಕಿನ ಸಂದೇಶಗಳಿಂದ ಅಂಟಿಕೊಂಡದ್ದು.

ಬಾಯಿಪಾಠದ ವಿಷಯ. ವ್ಯಕ್ತಿ ಖಾತೆ, ವಸ್ತು ಖಾತೆ, ನಾಮಮಾತ್ರ ಖಾತೆಗಳ ಮೂರು ನಿಯಮಗಳನ್ನು ನಿಮ್ಮ ಉಪನ್ಯಾಸಕರು ಕಲಿಸಿದ್ದರೆ ಕಲಿಯಿರಿ, ಪರೀಕ್ಷೆಗೆ ಬೇಕಾಗುತ್ತದೆ. ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳಿಕೊಡುವುದು ಆಸ್ತಿಗಳು ಜವಾಬ್ದಾರಿ (ಹೊರಗಿನವರಿಗೆ ಕೊಡಬೇಕಾದದ್ದು) ಮತ್ತು ಬಂಡವಾಳಗಳ ಮೊತ್ತಕ್ಕೆ ಸಮ ಎಂಬ ಒಂದೇ ಸಮೀಕರಣವನ್ನು. ಆಸ್ತಿ ಮತ್ತು ವೆಚ್ಚ ಹೆಚ್ಚಿದರೆ ಡೆಬಿಟ್, ಜವಾಬ್ದಾರಿ, ಬಂಡವಾಳ ಮತ್ತು ಆದಾಯ ಹೆಚ್ಚಿದರೆ ಕ್ರೆಡಿಟ್, ಕಡಿಮೆಯಾದರೆ ತಿರುಗುಮುರುಗು. ಪುಸ್ತಕ ಯಾರದು ಎಂದು ತಿಳಿದ ಮೇಲೆ ಇಷ್ಟರಿಂದಲೇ ಯಾವ ವ್ಯವಹಾರವನ್ನಾದರೂ ಬರೆಯಬಹುದು, ಪಿಯುಸಿಯಲ್ಲಿ ಓದಿಲ್ಲ ಎಂಬ ಹಿಂಜರಿಕೆ ನಿಮಗೆ ಬೇಡ.

ಪ್ರಶ್ನೆ: ನಾನು ವಿಜಯಪುರದಲ್ಲಿ ಜೋಳದ ರೊಟ್ಟಿ ಘಟಕ ನಡೆಸುತ್ತೇನೆ, ಲೆಕ್ಕ ಕಲಿಯಬೇಕೆಂದು ಈ ವಯಸ್ಸಿನಲ್ಲಿ ದೂರಶಿಕ್ಷಣದ ಬಿ.ಕಾಂ. ಸೇರಿದ್ದೇನೆ. ಕಲಿತಂತೆ ನಮ್ಮ ಮೊದಲ ವರ್ಷದ ಲೆಕ್ಕ ಹಾಕಿದೆ. ಮಾರಾಟ 3,60,000, ಅದರಲ್ಲಿ ಖಾನಾವಳಿಗಳಿಂದ 70,000 ಬರಬೇಕು. ಜೋಳ, ಗ್ಯಾಸ್, ಕೂಲಿ ಸೇರಿ 2,80,000, ಅದರಲ್ಲಿ ಜೋಳದ ಅಂಗಡಿಗೆ 20,000 ಕೊಡಬೇಕು. ವರ್ಷದ ಮೊದಲಿಗೆ ರೊಟ್ಟಿ ಯಂತ್ರಕ್ಕೆ 90,000 ಕೊಟ್ಟೆ. ಮಾರ್ಚ್ 31ಕ್ಕೆ 15,000 ರೂಪಾಯಿಯ ಜೋಳ ಉಳಿದಿದೆ. ಘಟಕ ಶುರು ಮಾಡಿದಾಗ ನಾನು 70,000 ಹಾಕಿದ್ದೆ, ಮನೆಖರ್ಚಿಗೆ ಏನೂ ತೆಗೆದಿಲ್ಲ. ಪುಸ್ತಕ 86,000 ಲಾಭ ಎನ್ನುತ್ತದೆ, ಪೆಟ್ಟಿಗೆಯಲ್ಲಿ ಇರುವುದು 10,000. ನನ್ನ ಲೆಕ್ಕ ತಪ್ಪೇ, ಅಥವಾ ಹಣ ಯಾರಾದರೂ ತೆಗೆದರೇ?

ಉತ್ತರ: ತಾಯಿ, ನಿಮ್ಮ ಲೆಕ್ಕ ಸರಿಯಾಗಿದೆ, ಹಣವನ್ನು ಯಾರೂ ತೆಗೆದಿಲ್ಲ. ಯಂತ್ರ ಹತ್ತು ವರ್ಷ ಬಾಳುತ್ತದೆಂದು ವರ್ಷಕ್ಕೆ 9,000 ಸವಕಳಿ ಹಾಕಿದ್ದೀರಿ ಎಂದು ನೀವು ಹೇಳಿದ ಲಾಭದ ಮೊತ್ತದಿಂದ ತಿಳಿಯುತ್ತದೆ. 3,60,000ಕ್ಕೆ ಉಳಿದ ಜೋಳದ 15,000 ಕೂಡಿಸಿ, 2,80,000 ಮತ್ತು 9,000 ಕಳೆದರೆ 86,000.

ಲಾಭ ಎಂಬುದು ವರ್ಷದಲ್ಲಿ ನೀವು ಗಳಿಸಿದ್ದು, ಶಿಲ್ಕು ಎಂಬುದು ಆ ದಿನ ಪೆಟ್ಟಿಗೆಯಲ್ಲಿ ಉಳಿದದ್ದು. ಖಾನಾವಳಿಗೆ ರೊಟ್ಟಿ ಕೊಟ್ಟ ದಿನವೇ ಆ ಮಾರಾಟ ನಿಮ್ಮ ಗಳಿಕೆಯಾಯಿತು, ಹಣ ಎಂದೇ ಬರಲಿ. ಜೋಳ ತಂದು ಬಳಸಿದ ದಿನವೇ ಅದು ವೆಚ್ಚವಾಯಿತು, ಬಿಲ್ಲು ಎಂದೇ ತೀರಲಿ. ಪಠ್ಯದಲ್ಲಿ ಇದನ್ನು ಸಂಚಯ ಆಧಾರ ಎಂದು ಕರೆಯುತ್ತಾರೆ. ಭಾರತದ ಮೊದಲ ಲೆಕ್ಕಪತ್ರ ಮಾನಕವು ಯಾವ ಲೆಕ್ಕದ ಹಿಂದೆಯೂ ಇದೆ ಎಂದು ಗ್ರಹಿಸುವ ಮೂರು ಮೂಲ ಕಲ್ಪನೆಗಳಲ್ಲಿ ಇದೂ ಒಂದು. ವ್ಯವಹಾರ ಮುಂದುವರಿಯುತ್ತದೆ ಎಂಬುದು ಮತ್ತು ವರ್ಷದಿಂದ ವರ್ಷಕ್ಕೆ ಕ್ರಮ ಬದಲಿಸಬಾರದು ಎಂಬುದು ಉಳಿದೆರಡು.

ಈಗ ಲಾಭದ ಬೆನ್ನುಹತ್ತಿ ಹೋಗೋಣ. 86,000ಕ್ಕೆ ಮೊದಲು ಸವಕಳಿಯ 9,000 ಕೂಡಿಸಿ, ಏಕೆಂದರೆ ಅದು ಪುಸ್ತಕದಲ್ಲಿ ಕಳೆದದ್ದೇ ಹೊರತು ಪೆಟ್ಟಿಗೆಯಿಂದ ಹೋದದ್ದಲ್ಲ, 95,000 ಆಯಿತು. ಖಾನಾವಳಿಗಳ ಹತ್ತಿರ ಇರುವ 70,000 ಕಳೆಯಿರಿ, 25,000. ಜೋಳದ ಚೀಲದಲ್ಲಿ ಕುಳಿತಿರುವ 15,000 ಕಳೆಯಿರಿ, 10,000. ಜೋಳದ ಅಂಗಡಿಗೆ ಇನ್ನೂ ಕೊಡದ 20,000 ಕೂಡಿಸಿ, 30,000. ಯಂತ್ರಕ್ಕೆ ಕೊಟ್ಟ 90,000 ಕಳೆದರೆ 60,000 ರೂಪಾಯಿಯಷ್ಟು ಪೆಟ್ಟಿಗೆ ಬರಿದಾಯಿತು. ನೀವು ಹಾಕಿದ 70,000ದಲ್ಲಿ 60,000 ಹೋಗಿ 10,000 ಉಳಿಯಿತು. ನಿಮ್ಮ ಅಢಾವೆ ಪತ್ರಿಕೆಯಲ್ಲಿಯೂ ಇದೇ ಕಾಣುತ್ತದೆ: ನಗದು 10,000, ಬರಬೇಕಾದದ್ದು 70,000, ಜೋಳ 15,000, ಯಂತ್ರ 81,000, ಒಟ್ಟು 1,76,000; ಎದುರಿಗೆ ಜೋಳದ ಅಂಗಡಿಯ 20,000, ನಿಮ್ಮ ಬಂಡವಾಳ 70,000, ಲಾಭ 86,000, ಒಟ್ಟು ಅದೇ 1,76,000.

ನನಗೆ ಇದರಲ್ಲಿ ಚಿಂತೆಯ ಸಂಗತಿಯಾಗಿ ಕಾಣುವುದು ಖಾನಾವಳಿಗಳ 70,000. ವರ್ಷದ ಮಾರಾಟದ ಸುಮಾರು ಐದನೆಯ ಒಂದು ಭಾಗ ಉದ್ದರಿಯಲ್ಲಿ ನಿಂತಿದೆ, ಅತ್ತ ಜೋಳದ ಅಂಗಡಿಯವರಿಗೆ ಕೊಡಲು ಪೆಟ್ಟಿಗೆಯಲ್ಲಿ ಅರ್ಧದಷ್ಟೇ ಇದೆ. ಯಾವ ಖಾನಾವಳಿಯ ಬಾಕಿ ಎಷ್ಟು ದಿನದ್ದು ಎಂದು ಒಂದು ಪಟ್ಟಿ ಮಾಡಿ, ಎಲ್ಲಕ್ಕಿಂತ ಹಳೆಯದನ್ನು ಈ ವಾರವೇ ಕೇಳಿರಿ. ಬರುವುದಿಲ್ಲವೆಂದು ಖಚಿತವಾದ ಬಾಕಿಯನ್ನು ವಸೂಲಾಗದ ಸಾಲವೆಂದು ಲಾಭದಿಂದ ಕಳೆಯಬೇಕಾಗುತ್ತದೆ, ಆಗ ಈ 86,000 ಕೂಡ ಉಳಿಯುವುದಿಲ್ಲ.

ಪ್ರಶ್ನೆ: ಪರೀಕ್ಷೆಯಲ್ಲಿ ತಾಳೆಪಟ್ಟಿ ಎಂದೂ ಕೂಡುವುದಿಲ್ಲ. ಕೂಡದಿದ್ದರೆ ಅಂಕ ಹೋಗುತ್ತದೆ ಎಂಬ ಭಯದಲ್ಲಿ ಕೊನೆಯಲ್ಲಿ ಯಾವುದಾದರೂ ಅಂಕಿ ತಿದ್ದಿ ಕೂಡಿಸಿಬಿಡುತ್ತೇನೆ. ಏನು ಮಾಡಲಿ? (ಬಿ.ಕಾಂ. ವಿದ್ಯಾರ್ಥಿ, ತುಮಕೂರು)

ಉತ್ತರ: ಅಂಕಿ ತಿದ್ದುವುದನ್ನು ಇಂದೇ ನಿಲ್ಲಿಸಿ. ಉತ್ತರಪತ್ರಿಕೆ ನೋಡುವವರು ಹಂತ ಹಂತವಾಗಿ ಅಂಕ ಕೊಡುತ್ತಾರೆ, ಕೂಡದ ತಾಳೆಪಟ್ಟಿಗೂ ಅಂಕ ಸಿಗುತ್ತದೆ. ತಿದ್ದಿದ ಅಂಕಿಯು ಸರಿಯಾಗಿದ್ದ ಸಾಲನ್ನೂ ಕೆಡಿಸುತ್ತದೆ. ಸಮಯವಿದ್ದರೆ ವ್ಯತ್ಯಾಸದ ಮೊತ್ತವನ್ನೇ ವಿಚಾರಿಸಿ ನೋಡಿ. ಅದನ್ನು ಎರಡರಿಂದ ಭಾಗಿಸಿ, ಆ ಮೊತ್ತ ಪಟ್ಟಿಯಲ್ಲಿ ಎಲ್ಲಾದರೂ ಇದೆಯೇ ಎಂದು ಹುಡುಕಿ; ಇದ್ದರೆ ಅದನ್ನು ತಪ್ಪು ಬದಿಗೆ ಬರೆದಿರುವ ಸಂಭವ ಹೆಚ್ಚು. ವ್ಯತ್ಯಾಸ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿಗಳು ಅದಲುಬದಲಾಗಿರಬಹುದು: 540ನ್ನು 450 ಎಂದು ಬರೆದರೆ ವ್ಯತ್ಯಾಸ 90. ಎರಡೂ ಅಲ್ಲವಾದರೆ ಬಿಟ್ಟುಹೋದ ಖಾತೆಯನ್ನು ಹುಡುಕಿ, ಸಾಮಾನ್ಯವಾಗಿ ಅದು ನಗದು ಅಥವಾ ಬ್ಯಾಂಕಿನ ಶಿಲ್ಕು. ಆಗಲೂ ಸಿಗದಿದ್ದರೆ ವ್ಯತ್ಯಾಸವನ್ನು ಅನಾಮತ್ತು ಖಾತೆಗೆ (ತಪ್ಪು ಸಿಗುವವರೆಗೆ ವ್ಯತ್ಯಾಸವನ್ನು ಇಡುವ ತಾತ್ಕಾಲಿಕ ಖಾತೆ) ಹಾಕಿ, ಹಾಗೆಂದು ಬರೆದು ಮುಂದೆ ಹೋಗಿ. ಅದು ಪ್ರಾಮಾಣಿಕ ಕ್ರಮ, ಲೆಕ್ಕಶಾಸ್ತ್ರವೇ ಒಪ್ಪಿದ ಕ್ರಮ.

ನಿಮ್ಮ ಭಯದ ಕೆಳಗೆ ಇನ್ನೊಂದು ತಪ್ಪು ನಂಬಿಕೆಯಿದೆ, ಅದನ್ನು ಹೇಳದಿದ್ದರೆ ಉತ್ತರ ಪೂರ್ತಿಯಾಗದು. ತಾಳೆಪಟ್ಟಿ ಕೂಡಿತು ಎಂದರೆ ಲೆಕ್ಕ ನಿಜ ಎಂದು ಅರ್ಥವಲ್ಲ. ವೆಚ್ಚದ ಖಾತೆಗೆ ಹೋಗಬೇಕಾದ ಯಂತ್ರದ ರಿಪೇರಿ ಬಿಲ್ಲನ್ನು ಯಂತ್ರದ ಖಾತೆಗೇ ಬರೆದರೂ ಅದು ಕೂಡುತ್ತದೆ. ಒಂದು ವ್ಯವಹಾರವನ್ನು ಪೂರ್ತಿಯಾಗಿ ಬಿಟ್ಟರೂ ಕೂಡುತ್ತದೆ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಕಂಪನಿಯ ಅಢಾವೆ ಪತ್ರಿಕೆಯೂ ಎರಡು ಬದಿ ಕೂಡಿತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಆಡಳಿತ ಮಂಡಳಿಗೆ ಬರೆದ ಪತ್ರದಲ್ಲಿ, ಪುಸ್ತಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿಯ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಇಲ್ಲದ ಆದಾಯಕ್ಕೆ ಕ್ರೆಡಿಟ್ ಬರೆದವರು ಇಲ್ಲದ ಹಣಕ್ಕೆ ಡೆಬಿಟ್ ಬರೆದರೆ ಕೂಡದೆ ಏನಾಗುತ್ತದೆ? ಹಾವೇರಿಯ ವಿದ್ಯಾರ್ಥಿನಿಗೆ ಹೇಳಿದ ಮಾತನ್ನೇ ಇಲ್ಲಿಗೂ ತರುತ್ತೇನೆ: ಕಂಪನಿಯ ಪುಸ್ತಕದಲ್ಲಿ ಬ್ಯಾಂಕಿಗೆ ಇಷ್ಟು ಡೆಬಿಟ್ ಇದ್ದರೆ ಬ್ಯಾಂಕಿನ ಪುಸ್ತಕದಲ್ಲಿ ಕಂಪನಿಗೆ ಸರಿಸುಮಾರು ಅಷ್ಟೇ ಕ್ರೆಡಿಟ್ ಇರಬೇಕು, ವ್ಯತ್ಯಾಸಕ್ಕೆ ಇನ್ನೂ ಜಮೆಯಾಗದ ಚೆಕ್ಕಿನಂಥ ಕಾರಣ ಸಿಗಬೇಕು. ಮೊದಲ ಸೆಮಿಸ್ಟರಿನವರು ಬೇಸರದಿಂದ ಮಾಡುವ ಬ್ಯಾಂಕ್ ಹೊಂದಾಣಿಕೆ ಪಟ್ಟಿ ಇರುವುದು ಇದಕ್ಕಾಗಿಯೇ. ಕೂಡಿಸುವ ಸಲುವಾಗಿ ಅಂಕಿ ತಿದ್ದುವ ಅಭ್ಯಾಸ ಕಾಲೇಜಿನಲ್ಲಿ ಬೆಳೆಯಬಾರದು ಎಂದು ನಾನು ಇಷ್ಟು ಒತ್ತಿ ಹೇಳುವುದೂ ಇದಕ್ಕಾಗಿಯೇ.

ಪ್ರಶ್ನೆ: ಎಲ್ಲ ಕಡೆ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಇರುವಾಗ ರೋಜುಕೀರ್ದಿ, ಖಾತೆವಹಿಗಳನ್ನು ಕೈಯಲ್ಲಿ ಬರೆಯುವುದು ಏಕೆ? ನೇರವಾಗಿ ಟ್ಯಾಲಿ ತರಬೇತಿಗೆ ಸೇರಬಹುದೇ? (ಪದವಿ ವಿದ್ಯಾರ್ಥಿ, ಬಳ್ಳಾರಿ)

ಉತ್ತರ: ಸೇರಿ, ಆದರೆ ಒಂದೆರಡು ತಿಂಗಳು ಕೈಯಲ್ಲಿ ಬರೆದ ಮೇಲೆ. ನಮ್ಮ ಬೆಂಗಳೂರಿನಲ್ಲೇ ಬೆಳೆದ ಆ ತಂತ್ರಾಂಶ ಕೂಡಿಸುವ, ಖಾತೆಗೆ ಸಾಗಿಸುವ ಕೆಲಸವನ್ನು ತಾನೇ ಮಾಡುತ್ತದೆ. ವ್ಯವಹಾರದ ಸ್ವರೂಪ ಯಾವುದೆಂದು ತೀರ್ಮಾನಿಸುವ ಕೆಲಸವನ್ನು ನಿಮಗೇ ಬಿಡುತ್ತದೆ. ಪಾವತಿಗೆ ಎಫ್5, ಸ್ವೀಕೃತಿಗೆ ಎಫ್6 ಎಂದು ಕಲಿತ ಹುಡುಗರು ಅಂಗಡಿಯ ನಗದನ್ನು ಬ್ಯಾಂಕಿಗೆ ಕಟ್ಟಿದಾಗ ಯಾವ ಕೀಲಿ ಒತ್ತಬೇಕೆಂದು ತಿಳಿಯದೆ ನಿಲ್ಲುವುದನ್ನು ನೋಡಿದ್ದೇನೆ. ಹಣ ಹೊರಗೂ ಹೋಗಿಲ್ಲ, ಒಳಗೂ ಬಂದಿಲ್ಲ, ಒಂದೇ ಪುಸ್ತಕದ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಸರಿದಿದೆ ಎಂದು ಕೈಯಲ್ಲಿ ಬರೆದವರಿಗೆ ಗೊತ್ತಿರುತ್ತದೆ, ಅವರು ಎಫ್4 ಒತ್ತಿ ಕಾಂಟ್ರಾ ನಮೂದು ಹಾಕುತ್ತಾರೆ. ಕೈಯಲ್ಲಿ ಬಿಡಿಸಿದ ಒಂದು ತಿಂಗಳ ಲೆಕ್ಕವನ್ನು ಟ್ಯಾಲಿಯಲ್ಲಿಯೂ ಹಾಕಿ ಎರಡು ತಾಳೆಪಟ್ಟಿಗಳನ್ನು ಹೋಲಿಸಿ. ವ್ಯತ್ಯಾಸ ಬಂದರೆ ಮೊದಲು ಈ ಕಾಂಟ್ರಾ ನಮೂದುಗಳನ್ನು ನೋಡಿ.